ಐದು ಗಂಟೆಯ ಚಹಾ

ಯುದ್ಧ ಗೆದ್ದು ಹೆಸರು ಪಡೆದವರುಂಟು, ಕಾವ್ಯ ಬರೆದು ಹೆಸರು ಪಡೆದವರುಂಟು, ಕೆರೆ ಕಟ್ಟಿಸಿ ಬಾವಿ ತೋಡಿಸಿ ಹೆಸರು ಪಡೆದವರೂ ಉಂಟು. ಆದರೆ ಮಧ್ಯಾಹ್ನದ ಊಟಕ್ಕೂ ರಾತ್ರಿಯ ಊಟಕ್ಕೂ ನಡುವೆ ತಮಗಾದ ಹಸಿವಿನಿಂದಲೇ ಲೋಕದಲ್ಲಿ ಹೆಸರು ಉಳಿಸಿಕೊಂಡವರು ಬಹು ವಿರಳ. ಬೆಡ್‌ಫರ್ಡಿನ ಏಳನೆಯ ಡ್ಯೂಕನ ಪತ್ನಿ ಆನಾ ಮರಿಯಾ ಅಂಥವರಲ್ಲಿ ಒಬ್ಬಳು. ಬೆಣ್ಣೆ ಸವರಿದ ತೆಳು ರೊಟ್ಟಿ, ಬಿಸ್ಕತ್ತು, ಕೇಕುಗಳೊಡನೆ ಬರುವ ಇಂಗ್ಲಿಷರ ಸಂಜೆಯ ಚಹಾ ಎಂದೊಡನೆ ಆಕೆಯ ಹೆಸರು ಬರುತ್ತದೆ. ಆಕೆಯ ಹೆಸರು ಬಂದೊಡನೆ ಚಹಾದ ನೆನಪಾಗುತ್ತದೆ. ಎಪ್ಪತ್ತಮೂರು ವರ್ಷ ಬಾಳಿದ ಒಬ್ಬ ಹೆಂಗಸಿನ ಬದುಕಿನಲ್ಲಿ ಜನ ನೆನಪಿಟ್ಟುಕೊಂಡದ್ದು ಒಂದು ಬಟ್ಟಲು ಚಹಾವನ್ನು ಮಾತ್ರ. ಆ ಬದುಕಿನಲ್ಲಿ ಬೇರೆ ಏನಿತ್ತೆಂದು ವಿಚಾರಿಸುವುದು ಈ ಬರಹದ ಉದ್ದೇಶ.

ಹೀಗೆ ವಿಚಾರಿಸಲು ನನಗೊಂದು ಕಾರಣವೂ ಉಂಟು. ನಾನಿರುವುದು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ. ಅಡಿಕೆಯ ತೋಟ, ಭತ್ತದ ಗದ್ದೆ, ಒಂದು ಕೃಷಿ ಸಂಶೋಧನಾ ಕೇಂದ್ರ, ಇವು ಊರಿನ ಗುರುತುಗಳು. ಡ್ಯೂಕರಿಗೂ ಡಚೆಸ್ಸುಗಳಿಗೂ ನಮಗೂ ಏನು ಸಂಬಂಧ? ಆದರೂ ಇಳಿಹೊತ್ತಾದರೆ ನಮ್ಮ ಸೀಮೆಯಲ್ಲಿ ಚಹಾದಂಗಡಿಯ ಮುಂದಿನ ಬೆಂಚು ಬರಿದಾಗಿರುವುದಿಲ್ಲ. ಗಾಜಿನ ಲೋಟದಲ್ಲಿ ಚಹಾ, ಅದರಲ್ಲಿ ಅದ್ದಿ ತಿನ್ನುವ ಬಿಸ್ಕತ್ತು ಅಥವಾ ಬನ್ನು; ದಾವಣಗೆರೆಯ ಕಡೆಯ ವಾಡಿಕೆಯಂತೆ ಮಂಡಕ್ಕಿ, ಮೆಣಸಿನಕಾಯಿ. ಇವುಗಳೊಡನೆ ಊರವರ ಮಾತು. ಯಾರ ಮನೆಯಲ್ಲಿ ಏನಾಯಿತು, ಯಾರ ಮಗಳು ಎಲ್ಲಿಗೆ ಹೋದಳು ಎಂಬುದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಚಹಾ, ತಿಂಡಿ, ಮಾತು ಈ ಮೂರೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಬೆಡ್‌ಫರ್ಡಿನ ಡಚೆಸ್ಸಿನ ಚರಿತ್ರೆಯನ್ನು ಓದಿದಾಗ ಅಲ್ಲಿಯೂ ಈ ಮೂರೂ ಹಾಗೆಯೇ ಅಂಟಿಕೊಂಡಿರುವುದನ್ನು ಕಂಡೆ. ಚಹಾ ಮತ್ತು ತಿಂಡಿಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮಾತಿನ ಕಥೆಯನ್ನು ಹೇಳುವವರು ಕಡಮೆ.

ಆನಾ ಮರಿಯಾ ಹುಟ್ಟಿದ್ದು 1783ರಲ್ಲಿ, ಸ್ಟ್ಯಾನ್‌ಹೋಪ್ ವಂಶದಲ್ಲಿ. ತಂದೆ ಹ್ಯಾರಿಂಗ್‌ಟನ್ನಿನ ಮೂರನೆಯ ಅರ್ಲ್. ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ ಇಂಗ್ಲೆಂಡಿನ ಪರವಾಗಿ ಹೋರಾಡಿದ ಸೇನಾನಿ. ಈ ಮನೆತನಕ್ಕೆ ಚಹಾದ ಹುಚ್ಚು ಆಕೆಯ ಕಾಲಕ್ಕಿಂತ ಮೊದಲೇ ಇತ್ತು. ಲಂಡನ್ನಿನಲ್ಲಿದ್ದ ಅವರ ಮನೆಯಲ್ಲಿ ಯಾವಾಗ ಹೋದರೂ ಚಹಾ ನಡೆಯುತ್ತಿರುತ್ತದೆ ಎಂಬುದು ಆಗಿನ ಶ್ರೀಮಂತ ವರ್ಗದಲ್ಲಿ ನಗೆಯ ಮಾತಾಗಿತ್ತು. ಗ್ರೋನೊ ಎಂಬ ಸೇನಾಧಿಕಾರಿ ತನ್ನ ನೆನಪುಗಳಲ್ಲಿ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಆನಾಳ ಸೋದರ ಲಿಂಕನ್ ಸ್ಟ್ಯಾನ್‌ಹೋಪ್ ಭಾರತದಲ್ಲಿ ಹಲವು ವರ್ಷ ಸೈನ್ಯದಲ್ಲಿದ್ದು ಮನೆಗೆ ಹಿಂದಿರುಗಿದನಂತೆ. ಒಳಗೆ ಬಂದು ನೋಡಿದರೆ ತಾನು ಬಿಟ್ಟುಹೋದ ದಿನದಂತೆಯೇ ಮನೆಮಂದಿಯೆಲ್ಲ ಚಹಾದ ಮುಂದೆ ಕುಳಿತಿದ್ದಾರೆ. ವರ್ಷಗಳ ಮೇಲೆ ಕಂಡ ಮಗನನ್ನು ಮುದುಕ ತಂದೆ ಪ್ರೀತಿಯಿಂದ ಬರಮಾಡಿಕೊಂಡು, ಒಡನೆಯೇ ಕೇಳಿದ್ದು ಒಂದು ಬಟ್ಟಲು ಚಹಾ ಕುಡಿಯುವೆಯಾ ಎಂದು. ಇದರಲ್ಲಿ ನಿಜವೆಷ್ಟು, ಉಪ್ಪುಖಾರವೆಷ್ಟು ಎಂಬ ವಿಚಾರ ಬೇಡ. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಮುಂದೆ ಚಹಾಕ್ಕೆ ಒಂದು ಹೊತ್ತನ್ನು ಗೊತ್ತು ಮಾಡಿದಳೆಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಆಕೆಯ ಇನ್ನೊಬ್ಬ ಸೋದರ ಲೆಸ್ಟರ್ ಸ್ಟ್ಯಾನ್‌ಹೋಪನನ್ನು ಸಾಹಿತ್ಯದ ಓದುಗರು ಬಲ್ಲರು. ಕವಿ ಬೈರನ್ ಗ್ರೀಕರ ಸ್ವಾತಂತ್ರ್ಯಕ್ಕಾಗಿ ಹೋರಾಡಲು ಹೋದಾಗ ಅಲ್ಲಿ ಅವನ ಜೊತೆಗಾರನಾಗಿದ್ದವನು, 1824ರಲ್ಲಿ ಕವಿಯ ಪಾರ್ಥಿವ ದೇಹದೊಡನೆ ಇಂಗ್ಲೆಂಡಿಗೆ ಮರಳಿದವನು ಈತನೇ. ಅದಕ್ಕೆ ಮೊದಲು ಲೆಸ್ಟರನೂ ಭಾರತದಲ್ಲಿದ್ದನು. 1817–18ರ ಮರಾಠಾ ಯುದ್ಧದಲ್ಲಿ ಭಾಗವಹಿಸಿದನು. ಭಾರತದ ಪತ್ರಿಕೆಗಳಿಗೆ ಸ್ವಾತಂತ್ರ್ಯವಿರಬೇಕೆಂದು 1823ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಆ ಯುದ್ಧವನ್ನು ನಡೆಸಿದ, ಪತ್ರಿಕೆಗಳ ಮೇಲಿನ ಪೂರ್ವಪರಿಶೀಲನೆಯನ್ನು 1818ರಲ್ಲಿ ತೆಗೆದುಹಾಕಿದ ಗವರ್ನರ್ ಜನರಲ್ ಮಾರ್ಕ್ವಿಸ್ ಹೇಸ್ಟಿಂಗ್ಸ್. ಈತನು ಪ್ಲಾಸಿಯ ತಲೆಮಾರಿನ ವಾರೆನ್ ಹೇಸ್ಟಿಂಗ್ಸ್ ಅಲ್ಲ; 1813ರಿಂದ 1823ರವರೆಗೆ ಅಧಿಕಾರದಲ್ಲಿದ್ದು ಪೇಶ್ವೆಯ ಆಳಿಕೆಯನ್ನು ಕೊನೆಗಾಣಿಸಿದವನು. ನಮ್ಮ ಧಾರವಾಡ, ಬೆಳಗಾವಿಯ ಸೀಮೆಗಳು ಕಂಪನಿಯ ಕೈಸೇರಿದ್ದು ಅದೇ ಯುದ್ಧದಿಂದ. ಹೇಸ್ಟಿಂಗ್ಸನ ಹೆಸರನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕು. ತಮ್ಮನು ಯಾರ ಕೈಕೆಳಗೆ ದುಡಿದನೋ ಆತನ ಮಗಳ ಬದುಕಿನೊಳಗೆ ಅಕ್ಕ ಪ್ರವೇಶಿಸಲಿದ್ದಾಳೆ.

1808ರಲ್ಲಿ ಆನಾಳ ಮದುವೆ ಫ್ರಾನ್ಸಿಸ್ ರಸೆಲನೊಡನೆ ನಡೆಯಿತು. ಅವನು ಬೆಡ್‌ಫರ್ಡಿನ ಡ್ಯೂಕನ ಹಿರಿಯ ಮಗ. ಆಗ ಟ್ಯಾವಿಸ್ಟಾಕಿನ ಮಾರ್ಕ್ವಿಸ್ ಎಂಬ ಬಿರುದು ಅವನಿಗೆ. ರಸೆಲ್ ಮನೆತನ ಇಂಗ್ಲೆಂಡಿನ ರಾಜಕಾರಣದಲ್ಲಿ ವಿಗ್ ಪಕ್ಷಕ್ಕೆ ಬೆನ್ನೆಲುಬಾಗಿದ್ದ ಮನೆತನ. ಫ್ರಾನ್ಸಿಸನ ತಮ್ಮ ಲಾರ್ಡ್ ಜಾನ್ ರಸೆಲ್ 1832ರ ಮತದಾನ ಸುಧಾರಣೆಗೆ ಮುಂದಾಳಾಗಿ ನಿಂತು, ಮುಂದೆ ಪ್ರಧಾನಮಂತ್ರಿಯಾದವನು. ನಮ್ಮ ಕಾಲೇಜುಗಳಲ್ಲಿ ಹೆಸರಾಗಿರುವ ದಾರ್ಶನಿಕ ಬರ್ಟ್ರಂಡ್ ರಸೆಲ್ ಈ ಲಾರ್ಡ್ ಜಾನನ ಮೊಮ್ಮಗ. ಆನಾ ಮತ್ತು ಫ್ರಾನ್ಸಿಸ್ ದಂಪತಿಗಳಿಗೆ ಒಬ್ಬನೇ ಮಗ. 1809ರಲ್ಲಿ ಹುಟ್ಟಿದ ವಿಲಿಯಂ. ಅವನು ಮದುವೆಯಾಗದೆ, ಜನರ ನಡುವೆ ಬೆರೆಯದೆ ಬಾಳಿದನು. ತಾಯಿ ಊರೆಲ್ಲ ಕರೆದು ಉಪಚರಿಸುವ ಆತಿಥ್ಯಕ್ಕೆ ಹೆಸರಾದರೆ, ಮಗ ಬಾಗಿಲು ಮುಚ್ಚಿಕೊಳ್ಳುವುದಕ್ಕೆ ಹೆಸರಾದನು.

1837ರಲ್ಲಿ ಹದಿನೆಂಟು ವರ್ಷದ ವಿಕ್ಟೋರಿಯಾ ಪಟ್ಟಕ್ಕೆ ಬಂದಳು. ರಾಣೀವಾಸದಲ್ಲಿ ಸರದಿಯ ಮೇಲೆ ರಾಣಿಯ ಜೊತೆಗಿರಲು ದೊಡ್ಡ ಮನೆತನಗಳ ಹೆಂಗಸರನ್ನು ನೇಮಿಸುವುದು ಅಲ್ಲಿನ ಸಂಪ್ರದಾಯ. ಪ್ರಧಾನಮಂತ್ರಿ ಮೆಲ್ಬರ್ನ್ ವಿಗ್ ಪಕ್ಷದವನಾದುದರಿಂದ ಆ ಪಕ್ಷದ ಮನೆಗಳಿಗೇ ಈ ಗೌರವ ದೊರೆಯಿತು. ಹೀಗೆ ಐವತ್ತರ ಮೇಲಿನ ವಯಸ್ಸಿನ ಆನಾ ಮರಿಯಾ ಹುಡುಗಿ ರಾಣಿಯ ಸಖಿಯಾಗಿ ಅರಮನೆಯನ್ನು ಸೇರಿದಳು. 1841ರವರೆಗೆ ಆ ಪದವಿಯಲ್ಲಿದ್ದಳು. ರಾಣಿಯ ವಿಶ್ವಾಸ ಬಾಳಿನ ಕೊನೆಯವರೆಗೂ ಉಳಿಯಿತು.

ಅದೇ ಅರಮನೆಯಲ್ಲಿ ಇನ್ನೊಂದು ಬಿಡಾರವಿತ್ತು. ರಾಣಿಯ ತಾಯಿ ಕೆಂಟಿನ ಡಚೆಸ್ ಅಲ್ಲಿದ್ದಳು. ತಾಯಿಗೂ ಮಗಳಿಗೂ ಮಾತು ಕಡಮೆ. ತಾಯಿಯ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಸರ್ ಜಾನ್ ಕಾನ್ರಾಯ್ ಎಂಬಾತನು ವಿಕ್ಟೋರಿಯಾಳನ್ನು ಬಾಲ್ಯದಲ್ಲಿ ಬಹು ಬಿಗಿಯಾಗಿ ಹಿಡಿದಿಟ್ಟಿದ್ದನು. ಅವನನ್ನು ಕಂಡರೆ ರಾಣಿಗೆ ಆಗದು. ತಾಯಿಯ ಸಖಿಯರಲ್ಲಿ ಒಬ್ಬಳು ಲೇಡಿ ಫ್ಲೋರಾ ಹೇಸ್ಟಿಂಗ್ಸ್, ನಾನು ಮೇಲೆ ಹೇಳಿದ ಗವರ್ನರ್ ಜನರಲನ ಮಗಳು. ಅವಿವಾಹಿತೆ, ಕವಿತೆ ಬರೆಯುವವಳು, ವಯಸ್ಸು ಮೂವತ್ತಮೂರರ ಸಮೀಪ. ಅವಳ ಮನೆತನ ಟೋರಿ ಪಕ್ಷದ್ದು. ಅಂತೂ ರಾಣಿಯ ಬಳಗದವರಿಗೆ ಅವಳು ಎದುರು ಬಿಡಾರದವಳು.

1839ರ ಜನವರಿಯಲ್ಲಿ ಫ್ಲೋರಾ ಸ್ಕಾಟ್ಲೆಂಡಿನಿಂದ ಹಿಂದಿರುಗಿದಳು. ಆ ಪ್ರಯಾಣದಲ್ಲಿ ಕಾನ್ರಾಯ್ ಅದೇ ಗಾಡಿಯಲ್ಲಿ ಬಂದಿದ್ದನು. ಬಂದವಳಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ಹೊಟ್ಟೆ ನೋವು, ಹೊಟ್ಟೆಯ ಊತ. ಅರಮನೆಯ ವೈದ್ಯ ಸರ್ ಜೇಮ್ಸ್ ಕ್ಲಾರ್ಕನು ಏನೋ ಮದ್ದು ಕೊಟ್ಟನೇ ಹೊರತು ರೋಗ ತಿಳಿಯಲಿಲ್ಲ. ಊತ ಕಣ್ಣಿಗೆ ಬಿತ್ತು, ಗಾಡಿಯ ಪ್ರಯಾಣ ನೆನಪಿಗೆ ಬಂತು. ಎರಡನ್ನೂ ಸೇರಿಸಿ ಅರಮನೆಯ ಹೆಂಗಸರು ಮೂರನೆಯದೊಂದನ್ನು ಊಹಿಸಿಕೊಂಡರು. ಆಗ ಸರದಿಯ ಮೇಲೆ ಇದ್ದವಳು ಆನಾ ಮರಿಯಾ. ಉಳಿದವರು ಅವಳ ಬಳಿಗೆ ಬಂದು, ರಾಣೀವಾಸದ ಮಾನ ಉಳಿಯಬೇಕಾದರೆ ಏನಾದರೂ ಮಾಡಬೇಕೆಂದು ಒತ್ತಾಯಪಡಿಸಿದರು. ಆಕೆಗೆ ಎರಡು ದಾರಿಗಳಿದ್ದವು. ಫ್ಲೋರಾಳನ್ನೇ ಒಳಗೆ ಕರೆದು ಕುಳ್ಳಿರಿಸಿಕೊಂಡು, ತಾಯಿಯ ವಯಸ್ಸಿನವಳಾಗಿ, ಏನಮ್ಮಾ ನಿನ್ನ ಕಾಯಿಲೆ ಎಂದು ಕೇಳಬಹುದಾಗಿತ್ತು. ಹಾಗೆ ಕೇಳಲಿಲ್ಲ, ಕೆಂಟಿನ ಡಚೆಸ್ಸಿಗೂ ತಿಳಿಸಲಿಲ್ಲ. ನೇರವಾಗಿ ಪ್ರಧಾನಮಂತ್ರಿಗೆ ಹೇಳಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ಕಡೆಯ ಗಾದೆ. ಮೆಲ್ಬರ್ನನು ಕಾದು ನೋಡೋಣವೆಂದನು. ಆದರೆ ಸಂಶಯ ರಾಣಿಯ ಮನಸ್ಸಿನಲ್ಲಿಯೂ ಗಟ್ಟಿಯಾಯಿತು. ಕೊನೆಗೆ ಫೆಬ್ರವರಿ 17ರಂದು ಇಬ್ಬರು ವೈದ್ಯರ ಪರೀಕ್ಷೆಗೆ ಫ್ಲೋರಾ ಒಳಗಾಗಬೇಕಾಯಿತು. ಅವಳು ನಿರ್ದೋಷಿಯೆಂದು ವೈದ್ಯರು ಬರೆದುಕೊಟ್ಟರು. ಅಷ್ಟಕ್ಕೆ ಗುಸುಗುಸು ನಿಲ್ಲಲಿಲ್ಲ. ಅವಳ ತಮ್ಮ ಟ್ಯಾವಿಸ್ಟಾಕ್ ದಂಪತಿಗಳಿಂದ ಉತ್ತರ ಕೇಳಿದನು. ತಾಯಿ ರಾಣಿಗೆ ಕಾಗದ ಬರೆದಳು. ವೈದ್ಯನನ್ನು ಕೆಲಸದಿಂದ ತೆಗೆಯಬೇಕೆಂಬ ಅವಳ ಕೋರಿಕೆ ನಡೆಯಲಿಲ್ಲ. ಮನೆಯವರು ಕಾಗದಗಳನ್ನು ಪತ್ರಿಕೆಗಳಲ್ಲಿ ಅಚ್ಚುಮಾಡಿಸಿದರು; ದೇಶವೆಲ್ಲ ಓದಿತು. ಕಾಯಿಲೆ ಮಾತ್ರ ಬೆಳೆಯುತ್ತಲೇ ಹೋಯಿತು. 1839ರ ಜುಲೈ 5ರಂದು ಫ್ಲೋರಾ ತೀರಿಕೊಂಡಳು. ಮರಣಾನಂತರದ ಪರೀಕ್ಷೆಯಲ್ಲಿ ಕಂಡದ್ದು ಯಕೃತ್ತಿನ ಗೆಡ್ಡೆ. ರಾಣಿಯ ಗಾಡಿ ಬೀದಿಗೆ ಬಂದರೆ ಜನ ಛೀಮಾರಿ ಹಾಕುವಷ್ಟರ ಮಟ್ಟಿಗೆ ಆಗ ಸಿಟ್ಟು ಏರಿತ್ತು.

ಈ ಗದ್ದಲದ ನಡುವೆಯೇ, ಆ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಗದ್ದಲವೂ ನಡೆಯಿತು. ಮೆಲ್ಬರ್ನನ ಮಂತ್ರಿಮಂಡಲ ಬೀಳುವಂತಾಗಿ ಟೋರಿಗಳ ಪೀಲನು ಅಧಿಕಾರ ವಹಿಸಲು ಬಂದಾಗ, ರಾಣಿಯ ಸುತ್ತಲಿನ ವಿಗ್ ಹೆಂಗಸರಲ್ಲಿ ಕೆಲವರನ್ನು ಬದಲಾಯಿಸಬೇಕೆಂದು ಕೇಳಿದನು. ರಾಣಿ ಒಬ್ಬಳನ್ನೂ ಬಿಟ್ಟುಕೊಡಲಿಲ್ಲ. ಪೀಲನು ಹಿಂದೆ ಸರಿದನು, ಮೆಲ್ಬರ್ನನೇ ಮರಳಿದನು. ಒಂದು ಸರ್ಕಾರಕ್ಕಿಂತ ತನ್ನ ಸಖಿಯರೇ ಹೆಚ್ಚೆಂದು ರಾಣಿ ತೋರಿಸಿಕೊಟ್ಟಳು. ಆ ಸಖಿಯರ ಪೈಕಿ ಆನಾ ಮರಿಯಾಳೂ ಇದ್ದಳು. ಅದೇ ಅಕ್ಟೋಬರಿನಲ್ಲಿ ಮಾವ ತೀರಿಕೊಂಡು ಗಂಡನು ಬೆಡ್‌ಫರ್ಡಿನ ಡ್ಯೂಕನಾದನು. ಆಕೆ ಡಚೆಸ್ ಆದಳು. ವೋಬರ್ನಿನ ದೊಡ್ಡ ಮನೆಯ ಒಡತಿಯಾದಳು. ಲೋಕ ನೆನಪಿಟ್ಟುಕೊಂಡಿರುವ ಚಹಾದ ಕಥೆ ಶುರುವಾಗುವುದು ಇಲ್ಲಿಂದ.

ಅಂದಿನ ಊಟದ ಹೊತ್ತನ್ನು ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ. ಹಿಂದಿನ ಶತಮಾನದಲ್ಲಿ ಇಂಗ್ಲಿಷ್ ಶ್ರೀಮಂತರ ಮುಖ್ಯ ಊಟ ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ ಮುಗಿಯುತ್ತಿತ್ತು. ಬರುಬರುತ್ತ ಅದು ಮುಂದಕ್ಕೆ ಜರುಗಿ ರಾತ್ರಿ ಏಳೂವರೆ ಎಂಟಕ್ಕೆ ಬಂದು ನಿಂತಿತು. ನಡುಹಗಲಿನಲ್ಲಿ ಸ್ವಲ್ಪ ತಿಂಡಿ. ಆಮೇಲೆ ರಾತ್ರಿಯವರೆಗೆ ಬರಿಹೊಟ್ಟೆ. ಸಂಜೆಯ ಹೊತ್ತಿಗೆ ತನಗೆ ಜೀವ ಕುಸಿದಂತಾಗುತ್ತದೆಂದು ಡಚೆಸ್ ಹೇಳಿಕೊಳ್ಳುತ್ತಿದ್ದಳೆಂದು ಪ್ರತೀತಿ. ಅದಕ್ಕೆ ಆಕೆ ಕಂಡುಕೊಂಡ ಉಪಾಯ, ತನ್ನ ಕೋಣೆಗೆ ಗುಟ್ಟಾಗಿ ಚಹಾವನ್ನೂ ಬೆಣ್ಣೆ ರೊಟ್ಟಿಯನ್ನೂ ತರಿಸಿಕೊಳ್ಳುವುದು. ಒಬ್ಬಳೇ ತಿನ್ನುವುದರಲ್ಲಿ ಸೊಗಸಿಲ್ಲವೆಂದು ಗೆಳತಿಯರನ್ನು ಕರೆದಳು; ಕರೆಸಿಕೊಂಡವರು ತಮ್ಮ ಮನೆಗಳಲ್ಲಿ ಇತರರನ್ನು ಕರೆದರು. 1841ರಲ್ಲಿ ವಿಂಡ್ಸರ್ ಅರಮನೆಯಿಂದ ತನ್ನ ಮೈದುನನಿಗೆ ಬರೆದ ಕಾಗದದಲ್ಲಿ ಈ ಐದು ಗಂಟೆಯ ಚಹಾದ ಮಾತು ಬರುತ್ತದೆ; ಆಸ್ಟ್ರಿಯದ ರಾಯಭಾರಿ ಎಸ್ಟರ್‌ಹಾಜಿ ರಾಜಕುಮಾರನೂ ಅಲ್ಲಿದ್ದನಂತೆ. ಮರುವರ್ಷ, ನಟಿಯೂ ಲೇಖಕಿಯೂ ಆದ ಫ್ಯಾನಿ ಕೆಂಬಲ್ ರಟ್‌ಲೆಂಡಿನ ಡ್ಯೂಕನ ಬೀವರ್ ಕೋಟೆಗೆ ಅತಿಥಿಯಾಗಿ ಹೋಗಿದ್ದಾಗ ಡಚೆಸ್ ಅವಳನ್ನೂ ತನ್ನ ಕೋಣೆಗೆ ಕರೆದಳು. ಈ ವಾಡಿಕೆಯನ್ನು ತಾನು ಮೊದಲು ಕಂಡದ್ದು ಅಲ್ಲಿಯೇ ಎಂದು ಕೆಂಬಲ್ ಮುಂದೆ ನೆನಪಿಸಿಕೊಂಡಿದ್ದಾಳೆ.

ಚಹಾವನ್ನು ಸಂಜೆ ಕುಡಿದವಳು ಲೋಕದಲ್ಲಿ ಈಕೆಯೇ ಮೊದಲಿಗಳೆಂದಲ್ಲ. ನಿಘಂಟುಕಾರ ಡಾಕ್ಟರ್ ಜಾನ್ಸನ್ನನು ಅದಕ್ಕೆ ಮೊದಲೇ ಹೊತ್ತುಗೊತ್ತಿಲ್ಲದೆ ಬಟ್ಟಲುಗಟ್ಟಲೆ ಕುಡಿದು, 1757ರಲ್ಲಿ ಚಹಾವನ್ನು ಹಳಿದ ಒಬ್ಬ ಗ್ರಂಥಕರ್ತನೊಡನೆ ವಾದಕ್ಕೂ ಇಳಿದಿದ್ದನು. ಆನಾ ಮರಿಯಾ ಮಾಡಿದ್ದು ಬೇರೆ. ಕುಡಿತಕ್ಕೆ ಒಂದು ಹೊತ್ತು, ಹೊತ್ತಿಗೆ ಒಂದು ತಿಂಡಿ, ತಿಂಡಿಗೆ ಒಂದು ಬಳಗ, ಇಷ್ಟನ್ನೂ ಆಕೆ ಕೂಡಿಸಿದಳು. ಬರಬರುತ್ತ ಇದಕ್ಕೆ ಒಂದು ಶಾಸ್ತ್ರವೇ ಬೆಳೆಯಿತು. ಪಿಂಗಾಣಿಯ ಕುಡಿಕೆಯನ್ನು ಮೊದಲು ಬಿಸಿನೀರಿನಿಂದ ಕಾಯಿಸಬೇಕು. ಎಲೆ ಹಾಕಿ, ಕೊತಕೊತ ಕುದಿಯುವ ನೀರನ್ನು ಸುರಿದು, ಮುಚ್ಚಿ, ಕೆಲವು ನಿಮಿಷ ಬಿಡಬೇಕು. ನಮ್ಮಂತೆ ಹಾಲು ಸಕ್ಕರೆ ಸೊಪ್ಪು ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕುದಿಸುವುದಿಲ್ಲ. ಹಾಲನ್ನೂ ಸಕ್ಕರೆಯನ್ನೂ ಅವರವರ ಬಟ್ಟಲಿಗೆ ಬೇಕಾದಷ್ಟು ಬೆರೆಸುವುದು. ಬಡಿಸುವವಳು ಮನೆಯೊಡತಿ, ಆಳಲ್ಲ. ಕುಳಿತುಕೊಳ್ಳುವುದು ಊಟದ ಮೇಜಿನ ಮುಂದಲ್ಲ, ಮೆತ್ತನೆಯ ಆಸನಗಳ ಮಗ್ಗುಲಿನ ತಗ್ಗು ಮೇಜುಗಳ ಸುತ್ತ. ಈಗ ನಗರದ ದೊಡ್ಡ ಹೋಟೆಲುಗಳು ಇದನ್ನೇ ಹೈ ಟೀ ಎಂದು ಕರೆಯುವುದುಂಟು. ಇಂಗ್ಲೆಂಡಿನಲ್ಲಿ ಆ ಹೆಸರು ಸಲ್ಲುತ್ತಿದ್ದುದು ದುಡಿಮೆಗಾರರ ಮನೆಗೆ. ಗಿರಣಿಯಿಂದ, ಗಣಿಯಿಂದ ಬಂದವರು ಎತ್ತರದ ಊಟದ ಮೇಜಿನ ಮುಂದೆ ಕುಳಿತು ಮಾಂಸ, ರೊಟ್ಟಿ, ಚಹಾ ಎಲ್ಲವನ್ನೂ ಒಟ್ಟಿಗೆ ತೀರಿಸುತ್ತಿದ್ದ ಸಂಜೆಯೂಟ ಅದು.

ತಿಂಡಿಯ ಚರಿತ್ರೆಯೂ ಇದೇ ಕಾಲದಲ್ಲಿ ಬೆಳೆಯಿತು. ರೆಡಿಂಗ್ ಪಟ್ಟಣದಲ್ಲಿ ಜೋಸೆಫ್ ಹಂಟ್ಲಿ 1822ರಲ್ಲಿ ತೆರೆದಿದ್ದ ಬಿಸ್ಕತ್ತಿನ ಅಂಗಡಿಗೆ 1841ರಲ್ಲಿ ಜಾರ್ಜ್ ಪಾಮರ್ ಪಾಲುದಾರನಾಗಿ ಸೇರಿ, ಯಂತ್ರಗಳಿಂದ ಬಿಸ್ಕತ್ತು ಮಾಡುವ ದೊಡ್ಡ ಕಾರ್ಖಾನೆ ಹುಟ್ಟಿತು. ಅವರ ತಗಡಿನ ಡಬ್ಬಗಳು ಹಡಗು ಹತ್ತಿ ಭಾರತವನ್ನೂ ಸೇರಿದವು. ಕೇಕಿಗೆ ಬೇರೆಯ ಕಥೆ. ಹಿಟ್ಟನ್ನು ಉಬ್ಬಿಸುವ ಹುದುಗು ತನ್ನ ಹೆಂಡತಿಯ ಮೈಗೆ ಒಗ್ಗದೆಂದು ಬರ್ಮಿಂಗ್‌ಹ್ಯಾಮಿನ ಔಷಧವ್ಯಾಪಾರಿ ಆಲ್ಫ್ರೆಡ್ ಬರ್ಡನು 1843ರಲ್ಲಿ ಹುದುಗಿಲ್ಲದೆ ಉಬ್ಬಿಸುವ ಪುಡಿಯೊಂದನ್ನು ಕಂಡುಹಿಡಿದನು. ಅಲ್ಲಿಂದ ಮುಂದೆ ಹಗುರವಾದ ಮೆದು ಕೇಕು ಸಾಧಾರಣ ಮನೆಯ ಅಡುಗೆಯವಳ ಕೈಗೂ ಎಟುಕಿತು. ರಾಣಿಯ ಹೆಸರನ್ನೇ ಹೊತ್ತ, ನಡುವೆ ಹಣ್ಣಿನ ಪಾಕ ಸವರಿದ ಕೇಕು ಇಂದಿಗೂ ಇಂಗ್ಲಿಷರಿಗೆ ಪ್ರಿಯವಾದುದು.

ಬಟ್ಟಲಿನೊಳಗಿನ ಎಲೆ ಎಲ್ಲಿಂದ ಬರುತ್ತಿತ್ತು? ಹೆಚ್ಚಿನ ಪಾಲು ಚೀಣದಿಂದ. ಅದಕ್ಕೆ ಬೆಲೆಯಾಗಿ ತೆರಬೇಕಾದ ಬೆಳ್ಳಿಯನ್ನು ಇಂಗ್ಲಿಷ್ ವರ್ತಕರು ಸಂಪಾದಿಸುತ್ತಿದ್ದುದು ಭಾರತದಲ್ಲಿ ಬೆಳೆದ ಅಫೀಮನ್ನು ಚೀಣೀಯರಿಗೆ ಮಾರಿ. ಫ್ಲೋರಾ ಕೊನೆಯ ದಿನಗಳನ್ನು ಎಣಿಸುತ್ತಿದ್ದ 1839ರ ಜೂನ್ ತಿಂಗಳಿನಲ್ಲಿಯೇ ಚೀಣದ ಅಧಿಕಾರಿ ಲಿನ್ ತ್ಸೆ ಷುವು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳಷ್ಟು ಅಫೀಮನ್ನು ಹಿಡಿಸಿ ನಾಶಮಾಡಿಸಿದನು. ಅದರಿಂದ ಹುಟ್ಟಿದ ಯುದ್ಧ 1842ರವರೆಗೆ ನಡೆಯಿತು. ಡಚೆಸ್ಸಿನ ಕೋಣೆಯಲ್ಲಿ ಸಂಜೆಯ ಚಹಾ ಬೇರುಬಿಟ್ಟದ್ದು ಸರಿಯಾಗಿ ಈ ವರ್ಷಗಳಲ್ಲಿ. ಚೀಣವನ್ನು ನೆಚ್ಚದೆ ಚಹಾ ಬೆಳೆಯುವ ಪ್ರಯತ್ನವೂ ಆಗಲೇ ಫಲಿಸತೊಡಗಿತ್ತು. ಅಸ್ಸಾಮಿನಿಂದ ಕಳುಹಿಸಿದ ಮೊದಲ ಎಂಟು ಪೆಟ್ಟಿಗೆ ಚಹಾ ಲಂಡನ್ನಿನಲ್ಲಿ ಹರಾಜಾದದ್ದು 1839ರ ಜನವರಿಯಲ್ಲಿ, ಫ್ಲೋರಾ ಕಾಯಿಲೆಯಿಂದ ಅರಮನೆಗೆ ಮರಳಿದ ತಿಂಗಳಲ್ಲಿಯೇ. ಅರಮನೆಯ ಹೆಂಗಸರಿಗೆ ಈ ಸಂಗತಿಗಳಾವುವೂ ಅಂದು ಮಾತಿನ ವಸ್ತುವಾದಂತೆ ಕಾಣುವುದಿಲ್ಲ. ಅವರ ಮಾತು ಒಬ್ಬ ಹೆಂಗಸಿನ ನಡತೆಯ ಮೇಲಿತ್ತು.

ಆ ಕಾಲದಲ್ಲಿ ನಮ್ಮ ನಾಡಿನ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಹೇಳಬೇಕು. 1830–31ರಲ್ಲಿ ನಗರದ ರೈತರೆದ್ದ ದಂಗೆ ನಮ್ಮ ಹೊನ್ನಾಳಿ, ಚನ್ನಗಿರಿಗಳ ಸೀಮೆಯನ್ನೂ ತಟ್ಟಿತು. ಅದನ್ನೇ ಕಾರಣವಾಗಿ ಮುಂದಿಟ್ಟುಕೊಂಡು ಕಂಪನಿ 1831ರಲ್ಲಿ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರನಾಗಿದ್ದನು. ಇಂಗ್ಲಿಷರೊಡನೆ ಅವರ ಊಟದ ಹೊತ್ತುಗಳೂ ತಿಂಡಿಗಳೂ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದವು. ಶತಮಾನದ ಕೊನೆಯ ಹೊತ್ತಿಗೆ ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಅವರ ಬೇಕರಿಯ ವಿದ್ಯೆಯನ್ನು ಕಲಿತು, ಮೊಟ್ಟೆಯನ್ನು ಬಿಟ್ಟು, ಹಸಿಮೆಣಸಿನಕಾಯಿ ಕೊತ್ತಂಬರಿಯನ್ನು ಸೇರಿಸಿ, ಖಾರದ ಬನ್ನು, ಖಾರದ ಬಿಸ್ಕತ್ತುಗಳನ್ನು ಮಾಡತೊಡಗಿದವು. ಇಂದು ಅಯ್ಯಂಗಾರ್ ಬೇಕರಿಯ ಹಲಗೆಯಿಲ್ಲದ ಪೇಟೆ ಕನ್ನಡನಾಡಿನಲ್ಲಿ ಅಪರೂಪ. ಚಹಾ ಹಳ್ಳಿಗಳಿಗೆ ಇಳಿದದ್ದು ಇನ್ನೂ ಈಚೆಗೆ. ಇಪ್ಪತ್ತನೆಯ ಶತಮಾನದಲ್ಲಿ ಚಹಾದ ವ್ಯಾಪಾರಿಗಳು ಊರೂರಿನಲ್ಲಿ ಬಿಟ್ಟಿ ಬಟ್ಟಲು ಹಂಚಿ ರುಚಿ ಹತ್ತಿಸಿದರು. ಗಾಂಧೀಜಿಯವರು ಆರೋಗ್ಯಕ್ಕೆ ಅದು ಬೇಡವೆಂದು ಬರೆದರು. ಜನ ಗಾಂಧೀಜಿಯವರನ್ನೂ ಬಿಡಲಿಲ್ಲ, ಚಹಾವನ್ನೂ ಬಿಡಲಿಲ್ಲ. ಡಚೆಸ್ಸಿನ ಮೆತ್ತನೆಯ ಆಸನದಿಂದ ಹೊರಟ ವಾಡಿಕೆ ಹೀಗೆ ಹೊಲದ ಬದುವಿನವರೆಗೂ ಬಂದು ತಲುಪಿತು. ನಾಟಿಯ ದಿನಗಳಲ್ಲಿ ಗದ್ದೆಗೆ ಚಹಾ ಬರುವುದು ತಡವಾದರೆ ಕೆಲಸಗಾರರ ಮುಖ ಬಾಡುವುದನ್ನು ನಾನು ಕಂಡಿದ್ದೇನೆ. ಇಳಿಹೊತ್ತಿನಲ್ಲಿ ಜೀವ ಕುಸಿಯುವುದು ಡಚೆಸ್ಸುಗಳಿಗೆ ಮಾತ್ರ ಮೀಸಲಾದ ಅನುಭವವಲ್ಲ. ಆಕೆ ಗುರುತಿಸಿದ ಹಸಿವು ನಿಜವಾದ ಹಸಿವು. ಆಕೆಯ ಕೀರ್ತಿಯ ಈ ಭಾಗ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಇನ್ನು ಉಳಿದ ಭಾಗ. 1841ರ ಬೇಸಗೆಯಲ್ಲಿ ವಿಕ್ಟೋರಿಯಾ ತನ್ನ ಪತಿಯೊಡನೆ ವೋಬರ್ನಿಗೆ ಬಂದು ಆನಾ ಮರಿಯಾಳ ಅತಿಥಿಯಾದಳು. ಅದೇ ವರ್ಷ ಒಂದು ಸಣ್ಣ ಕವನಸಂಗ್ರಹವೂ ಹೊರಬಂದಿತು. ಅದು ಫ್ಲೋರಾ ಹೇಸ್ಟಿಂಗ್ಸಳ ಕವಿತೆಗಳದು. ಸತ್ತ ಅಕ್ಕನ ಕಾಗದಪತ್ರಗಳಿಂದ ಆರಿಸಿ ಅಚ್ಚುಹಾಕಿಸಿದವಳು ಅವಳ ತಂಗಿ. ಡಚೆಸ್ಸಿನ ಕಾಗದ ಮತ್ತು ಈ ಪುಸ್ತಕ ಎರಡೂ ಒಂದೇ ವರ್ಷದವು. ಅಲ್ಲಿನ ಚಹಾದ ಮಾತು ಲೋಕದ ನೆನಪಾಯಿತು. ಇಲ್ಲಿನ ಕವಿತೆಗಳನ್ನು ಓದುವವರು ಇಲ್ಲವಾದರು.

ಆನಾ ಮರಿಯಾಳನ್ನು ದುಷ್ಟೆಯೆಂದು ಕರೆಯಲು ನನಗೆ ಮನಸ್ಸು ಬಾರದು. ಸಂಶಯವನ್ನು ಹುಟ್ಟಿಸಿದವಳು ಆಕೆ ಒಬ್ಬಳೇ ಅಲ್ಲ. ವೈದ್ಯನ ಅಜ್ಞಾನ, ಎರಡು ಬಿಡಾರಗಳ ಹಗೆ, ಎರಡು ಪಕ್ಷಗಳ ಪೈಪೋಟಿ, ಹುಡುಗಿ ರಾಣಿಯ ಹಟ ಎಲ್ಲವೂ ಅದರಲ್ಲಿ ಸೇರಿದ್ದವು. ರಾಣೀವಾಸದ ಹಿತವನ್ನೇ ಮಾಡುತ್ತಿದ್ದೇನೆಂದು ಆಕೆ ನಂಬಿದ್ದಿರಬೇಕು. ಊರ ಬಾಯಿಗೆ ಬಿದ್ದ ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮಲ್ಲಿಯೂ ನಡೆಯುವುದು ಹೀಗೆಯೇ ಅಲ್ಲವೇ? ಮಾತನಾಡುವ ಪ್ರತಿಯೊಬ್ಬರೂ ಊರಿನ ಮಾನಕ್ಕಾಗಿ 
ಮಾತನಾಡುತ್ತಾರೆ, ಆ ಹುಡುಗಿಯನ್ನೇ ಕೇಳುವವರು ಮಾತ್ರ ಯಾರೂ ಇರುವುದಿಲ್ಲ. ಶಾಲೆಯ ಮೆಟ್ಟಿಲು ಬಿಟ್ಟು ಮನೆಯಲ್ಲಿ ಉಳಿದುಹೋದ ಎಷ್ಟೋ ಹುಡುಗಿಯರ ಹಿಂದೆ ಇಂಥದೊಂದು ಸಂಜೆಯ ಮಾತು ಇರುತ್ತದೆ. ಅವರಿಗೆ ಪತ್ರಿಕೆಯಲ್ಲಿ ಕಾಗದ ಅಚ್ಚುಮಾಡಿಸುವ ಸೋದರನಿಲ್ಲ, ನಿರ್ದೋಷಿಯೆಂದು ಬರೆದುಕೊಡುವ ವೈದ್ಯನಿಲ್ಲ.

ವೋಬರ್ನಿನ ಒಡತಿಯಾಗಿ ಆನಾ ಮರಿಯಾ ಇನ್ನೂ ಹಲವು ವರ್ಷ ಬಾಳಿದಳು. ತನ್ನ ಕೋಣೆಯ ಗುಟ್ಟಿನ ಉಪಾಹಾರ ದೇಶದ ಬಹಿರಂಗ ಆಚಾರವಾಗುತ್ತಿರುವುದನ್ನು ಕಣ್ಣಾರೆ ಕಂಡಳು. 1857ರ ಜುಲೈ 3ರಂದು ಲಂಡನ್ನಿನಲ್ಲಿ ತೀರಿಕೊಂಡಳು. ಮೇ ತಿಂಗಳಲ್ಲಿ ಮೀರತ್ತಿನಲ್ಲಿ ಸಿಪಾಯಿಗಳೆದ್ದ ಸುದ್ದಿ ಲಂಡನ್ನನ್ನು ತಲುಪಿ ಆಗ ಕೆಲವೇ ದಿನಗಳಾಗಿದ್ದವು. ಸೋದರರಿಬ್ಬರು ಕತ್ತಿ ಹಿಡಿದು ದುಡಿದ ಆ ದೇಶದಲ್ಲಿ ಬೆಂಕಿ ಹರಡುತ್ತಿತ್ತು. ವರ್ಷ ತಿರುಗುವುದರೊಳಗೆ ಹಲಗಲಿ, ಸುರಪುರ, ನರಗುಂದಗಳಲ್ಲಿಯೂ ಅದು ಹೊತ್ತಿಕೊಂಡಿತು. ಆನಾಳ ಗಂಡ 1861ರಲ್ಲಿ, ಮಗ 1872ರಲ್ಲಿ ಸತ್ತರು. ಮಗನೊಡನೆ ಆಕೆಯ ಸಂತತಿ ನಿಂತಿತು.

ಚಹಾದ ಚರಿತ್ರೆಯನ್ನು ಬರೆಯುವವರು ಇಂದಿಗೂ ಆಕೆಯನ್ನು ಮೊದಲ ಪುಟಗಳಲ್ಲಿ ಸ್ಮರಿಸುತ್ತಾರೆ. ಸ್ಮರಿಸುವುದು ತಪ್ಪಲ್ಲ. ಆದರೆ ಅದೇ ಪುಟದಲ್ಲಿ ಫ್ಲೋರಾ ಹೇಸ್ಟಿಂಗ್ಸಳ ಹೆಸರಿಗೂ ಒಂದು ಸಾಲಿನಷ್ಟು ಸ್ಥಳ ದೊರೆಯಬೇಕು. ಗೆಳತಿಯರನ್ನು ಕರೆದು ಕುಳ್ಳಿರಿಸಿ ಉಪಚರಿಸುವ ವಾಡಿಕೆಯನ್ನು ಲೋಕಕ್ಕೆ ಕಲಿಸಿದ ಹೆಂಗಸು, ಅದಕ್ಕೆ ಒಂದೆರಡು ವರ್ಷ ಮೊದಲು, ಕಾಯಿಲೆಯಿಂದ ಬಂದ ಒಬ್ಬಳನ್ನು ಹಾಗೆ ಕರೆದು ಕುಳ್ಳಿರಿಸಿಕೊಳ್ಳಲಿಲ್ಲ.